ಒಬ್ಬರಷ್ಟೇ ಅಗಲದ ದಾರಿ

ಜೂನ್ 4, ಬೆಳಿಗ್ಗೆ

ಪುಸ್ತಕದ ಕಪಾಟು ಇನ್ನೂ ಅಲುಗಾಡುತ್ತಿದೆ. ಮುಂಗಾಲುಗಳ ಕೆಳಗೆ ಮರದ ಬೆಣೆ ತುರುಕಿದೆ. ಈಗ ಗೋಡೆಗೆ ಒರಗಿದೆ — ಊಟ ಮುಗಿಸಿ ಒರಗಿದ ಗುಮಾಸ್ತನ ಹಾಗೆ. ನಂಬುವಂತಿಲ್ಲ.

ಸ್ಟ್ರೋಕ್ ಆದಮೇಲೆ ಇವರ ಬಲಗೈ, ಬಲಗಾಲು ಹೆಸರಿಗೆ ಮಾತ್ರ ಬಲ. ಎಡಗೈಗೆ ಸಿಕ್ಕಿದ್ದನ್ನು ಹಿಡಿದೇ ನಡೆಯಬೇಕು. ಮಂಚದಿಂದ ಕುರ್ಚಿ, ಕುರ್ಚಿಯಿಂದ ಮೇಜು, ಮೇಜಿನಿಂದ ಕಪಾಟು, ಆಮೇಲೆ ಬಚ್ಚಲು. ನಿನ್ನೆ ಮೊದಲ ಸಲ ಒಬ್ಬರೇ ಎದ್ದಾಗ ಕುರ್ಚಿ ಇವರ ಜೊತೆಗೇ ಹೊರಟುಬಿಟ್ಟಿತು. ನಾನು ಓಡಿ ಹಿಡಿದುಕೊಂಡೆ.

ಆಗಿನಿಂದ ನೀರು ಮುಟ್ಟುತ್ತಿಲ್ಲ.

"ಬಾಯಾರಿಕೆ ಇಲ್ಲ ಕಣೇ."

ಸುಳ್ಳು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋಗಬೇಕೆಂದರೆ ನಾನು ಹಿಡಿದುಕೊಳ್ಳಬೇಕು. ಮಾತ್ರೆಯನ್ನೂ ಅರ್ಧ ಗುಟುಕಿನಲ್ಲಿ ನುಂಗುತ್ತಾರೆ. ತುಟಿ ಒಡೆದಿದೆ.

ಜೂನ್ 5

ಮಹಡಿ ಮೇಲಿನ ಓನರಮ್ಮನನ್ನು ಕೇಳಿದೆ — ಗೋಡೆಗೆ ಹಿಡಿಕೆ ಹಾಕಿಸಲೇ?

"ಹಾಕ್ಸ್ಕೊಳ್ಳಿ ಅನ್ನುತ್ತಮ್ಮಾ ಮನಸ್ಸು. ಗೋಡೆ ಬೇಡ ಅನ್ನುತ್ತೆ. ಹಿಂದಿನ ಬಾಡಿಗೆಯವ್ರು ಒಂದು ಕ್ಯಾಲೆಂಡರ್‌ಗೆ ಮೊಳೆ ಹೊಡೆದ್ರು, ಸಿಮೆಂಟೆಲ್ಲ ಉದುರಿಹೋಯ್ತು."

ಗೋಡೆಗೂ ಕಿವಿಯಿದೆ ಎಂದು ಗೊತ್ತಿತ್ತು. ಬಾಯಿಯೂ ಇದೆಯೆಂದು ಇವತ್ತು ತಿಳಿಯಿತು.

ಜೂನ್ 8

ಮೊಳೆಯಿಲ್ಲದ ಯುದ್ಧ. ಹಳೆಯ ರಬ್ಬರ್ ಮ್ಯಾಟ್ ಕತ್ತರಿಸಿ ಕುರ್ಚಿ, ಮೇಜು, ಕಪಾಟಿನ ಒಂದೊಂದು ಕಾಲಿನ ಕೆಳಗೂ ಇಟ್ಟೆ. ಭಾರದ ಪುಸ್ತಕಗಳೆಲ್ಲ ಕೆಳಗಿನ ಖಾನೆಗೆ. ನಿಘಂಟು ಕೊನೆಗೂ ಉಪಯೋಗಕ್ಕೆ ಬಂತು. ಕಪಾಟನ್ನು ಪಕ್ಕದ ಕಬ್ಬಿಣದ ಬೀರುವಿಗೆ ಪಟ್ಟಿಯಿಂದ ಬಿಗಿದೆ. ಕಪಾಟಿನ ತಲೆಗೂ ಚಾವಣಿಗೂ ನಡುವೆ ಒತ್ತಿ ನಿಲ್ಲುವ ಕಂಬಿ. ಅಂಗಡಿಯವನು ಟೆನ್ಷನ್ ರಾಡ್ ಅಂದ. ಟೆನ್ಷನ್ ಮನೆಯಲ್ಲೇ ಇತ್ತು, ರಾಡ್ ಮಾತ್ರ ತಂದೆ.

ಜೋತುಬಿದ್ದು ಎಳೆದೆ. ಅಲುಗಲಿಲ್ಲ.

ಮಂಚದಿಂದ ಇವರು: "ನಿನ್ನ ಭಾರಕ್ಕೇ ಜಗ್ಗಲಿಲ್ಲ ಅಂದ್ರೆ ಇನ್ನು ಭೂಕಂಪಕ್ಕೂ ಹೆದರಬೇಕಿಲ್ಲ."

"ಎದ್ದು ಬಂದು ಹೇಳಿ ನೋಡೋಣ ರೀ."

ಎದ್ದು ಬಂದರು! ಕುರ್ಚಿ, ಮೇಜು, ಕಪಾಟು, ಬಚ್ಚಲು. ಒಬ್ಬರೇ. ಒಳಗಿನಿಂದ ಚಿಲಕ ಬೇರೆ ಹಾಕಿಕೊಂಡರು. ಆ ಚಿಲಕದ ಸದ್ದು... ಯಾವ ಸಂಗೀತ ಕಛೇರಿಯಲ್ಲೂ ಅಷ್ಟು ಇಂಪಾದ ನಾದ ಕೇಳಿಲ್ಲ.

ಅದೇ ದಿನ, ಮಧ್ಯಾಹ್ನ

ಹೋದವರು ವಾಪಸು ಬರಬೇಕಲ್ಲ! ಬಚ್ಚಲ ಬಾಗಿಲಲ್ಲಿ ನಿಂತು ಇವರು ನೋಡಿದರು. ಈ ಕಡೆಯಿಂದ ನಾನು ನೋಡಿದೆ. ಹೋಗುವಾಗ ಎಡಕ್ಕಿದ್ದ ಸಾಮಾನೆಲ್ಲ ಬರುವಾಗ ಬಲಕ್ಕೆ. ಕೈ ಏಳದ ಕಡೆಗೆ. ಇಬ್ಬರು ಡಬಲ್ ಡಿಗ್ರಿಯವರು ಸೇರಿ ಹೋಗುವ ದಾರಿಯನ್ನಷ್ಟೇ ಕಟ್ಟಿದ್ದೆವು.

"ರಿವರ್ಸ್ ಬರ್ಲಾ?"

ನಕ್ಕು ನಕ್ಕು ಸುಸ್ತು. ನನ್ನ ಹೆಗಲು ಹಿಡಿದೇ ಬಂದರು. ಮಂಚ ಸೇರಿದ ಮೇಲೆ ನಗಲಿಲ್ಲ. ನೀರು ಕೊಟ್ಟೆ. ಮುಖ ಆ ಕಡೆ ತಿರುಗಿಸಿದರು.

ಜೂನ್ 11

ಮೈದುನನನ್ನು ಕರೆಸಿದೆ. ಎದುರು ಗೋಡೆಗೆ ಡ್ರೆಸ್ಸಿಂಗ್ ಟೇಬಲ್, ಅದರ ಪಕ್ಕ ಇನ್ನೊಂದು ಮೇಜು, ಹೊಲಿಗೆ ಮಷಿನ್. ಎಲ್ಲಕ್ಕೂ ರಬ್ಬರು, ಬೆಣೆ, ಒಂದಕ್ಕೊಂದು ಗಂಟು.

"ಅತ್ತಿಗೆ, ಮಧ್ಯದಲ್ಲಿ ಒಬ್ರಿಗಷ್ಟೇ ಜಾಗ. ನೀವು ಪಕ್ಕದಲ್ಲಿ ಬರೋಕಾಗಲ್ಲ."

"ಅದೇ ಕಣೋ ಬೇಕಾಗಿದ್ದು," ಎಂದರು ಇವರು. "ಮದುವೆಯಾದಾಗಿಂದ ಇವಳೇ ಮುಂದೆ. ಒಂದ್ಸಲನಾದ್ರೂ ಬಿಟ್ಟು ಹೋಗ್ತೀನಿ."

ಹೋದರು. ಬಂದರು. ಮಂಚದ ಮೇಲೆ ಕೂತು, ಸಿಂಹಾಸನದ ಮೇಲೆ ಕೂತವರ ಹಾಗೆ: "ನೀರು ತಾ."

ಎರಡು ಲೋಟ ಕುಡಿದರು.

ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ತಪ್ಪನ್ನು ಈರುಳ್ಳಿಯ ಮೇಲೆ ಹಾಕೋಣವೆಂದರೆ ಹೆಚ್ಚುತ್ತಿದ್ದದ್ದು ಸೌತೆಕಾಯಿ.

ಜೂನ್ 19

ಬರೆಯುವಂಥದ್ದೇನೂ ಇಲ್ಲ. ಹೋಗುತ್ತಾರೆ, ಬರುತ್ತಾರೆ, ನೀರು ಕೇಳುತ್ತಾರೆ. ಏನೂ ಇಲ್ಲದಿರುವುದು ಇಷ್ಟು ಸುಖವೇ!

ಜುಲೈ 23

ಇವರು ಹೋಗಿ ಎಷ್ಟು ದಿನವಾಯಿತೆಂದು ಎಣಿಸುವುದಿಲ್ಲ. ಎರಡನೆಯ ಸ್ಟ್ರೋಕ್. ಆಸ್ಪತ್ರೆಯಲ್ಲಿ.

ಬೀಳಲಿಲ್ಲ. ಮನೆಯಲ್ಲಿ ಒಂದು ಸಲವೂ ಬೀಳಲಿಲ್ಲ. ಬಂದವರಿಗೆಲ್ಲ ಅದನ್ನೇ ಹೇಳಿದೆ. ಯಾರೂ ಕೇಳಿರಲಿಲ್ಲ.

ಜುಲೈ 30

ಮೈದುನ ಸಾಮಾನನ್ನೆಲ್ಲ ಮೊದಲಿನ ಜಾಗಕ್ಕೆ ಇಡಲು ಬಂದ.

"ಗೋಡೌನ್ ಥರ ಆಗಿದೆ ಅತ್ತಿಗೆ. ನಿಮಗೆ ಉಸಿರಾಡೋಕಾದ್ರೂ ಜಾಗ ಬೇಡ್ವಾ?"

ಕಪಾಟು ಹಿಡಿದು ಎಳೆದ. ಅಲುಗಲಿಲ್ಲ. ಬೀರುವಿಗೆ ಕಾಲು ಕೊಟ್ಟು ಎಳೆದ.

"ನಿಜ ಹೇಳಿ. ಓನರಮ್ಮನಿಗೆ ಗೊತ್ತಿಲ್ಲದ ಹಾಗೆ ಮೊಳೆ ಹೊಡೆದ್ರಿ ತಾನೆ?"

ನಕ್ಕುಬಿಟ್ಟೆ. ನಗು ನಿಲ್ಲಲಿಲ್ಲ. ನಿಲ್ಲಲಿಲ್ಲ, ಬೇರೆ ಏನೋ ಆಯಿತು. ಕಪಾಟಿನ ಹಿಂದೆ ಪಟ್ಟಿಯ ಗಂಟು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅವನು ಕೈ ಬಿಟ್ಟು, ನನ್ನ ಪಕ್ಕ ನೆಲದ ಮೇಲೆ ಕೂತ.

"ಇರ್ಲಿ ಬಿಡಿ ಅತ್ತಿಗೆ. ಏನವಸರ."

ಆಗಸ್ಟ್ 2, ಸಂಜೆ

ಇವತ್ತು ಗಮನಿಸಿದೆ. ನಾನೂ ಹಿಡಿದೇ ನಡೆಯುತ್ತಿದ್ದೇನೆ. ಕುರ್ಚಿ, ಮೇಜು, ಕಪಾಟು. ಕಪಾಟಿನ ಅಂಚಿನಲ್ಲಿ ಇವರ ಕೈಯ ಜಿಡ್ಡು ಕೂತ ಗುರುತಿದೆ. ಅಲ್ಲಿಗೆ ಬಟ್ಟೆ ತಾಗಿಸದೆ ಸುತ್ತಲೂ ಧೂಳು ಒರೆಸುತ್ತೇನೆ. ಕೈ ಮಾತ್ರ ಅಲ್ಲೇ ಇಡುತ್ತೇನೆ.

ಒಬ್ಬರಷ್ಟೇ ಅಗಲ. ಅಳತೆ ತಪ್ಪಿಲ್ಲ.

ವಾಪಸು ಬಂದು ಮಂಚದ ಮೇಲೆ ಕೂತೆ. ಬಾಯಿಗೆ ಬಂದೇಬಿಟ್ಟಿತು, ಗಟ್ಟಿಯಾಗಿಯೇ — "ನೀರು ತಾ."

ಅಡುಗೆಮನೆ ಕಡೆ ನೋಡುತ್ತ ಕೂತಿದ್ದೆ. ಯಾರು ತರಬೇಕು? ನಾನೇ ಎದ್ದು...