ಮಾಲಕ್ಕನ ಪಾಲಿನ ಹಾಲು

ಕಟಕೋಳ,
20 ಜುಲೈ 2025

ಪ್ರೀತಿಯ ಮಾಲಕ್ಕಾ,

ಹೇಗಿದ್ದೀಯ? ಕುತ್ತಿಗೆ ನೋವು ಇಳಿಯಿತೇ? ಗೌತಮ ಮಾವ, ಅಪ್ಪು ಆರಾಮ ಇದ್ದಾರೆಂದು ತಿಳಿದಿದ್ದೇನೆ. ಅವ್ವನ ಮೊಣಕಾಲು ಹಾಗೇ ಇದೆ; ಕೇಳಿದವರಿಗೆಲ್ಲ ‘ಆರಾಮ ಅದೇನಿ’ ಅನ್ನುತ್ತಾಳೆ. ಈ ಕಾಲದಲ್ಲಿ ಪತ್ರ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ಎತ್ತುವವರು ಯಾರೋ ಗೊತ್ತಾಗುವುದಿಲ್ಲ. ಲಕೋಟೆಯಾದರೆ ನೀನೇ ಒಡೆಯಬೇಕು.

ಮೈಸೂರಿನಿಂದ ನೀನು ಕಳಿಸಿದ ಪುಸ್ತಕಗಳನ್ನೆಲ್ಲ ಓದಿದೆ, ನೋಡು ಎಂದ ವಿಡಿಯೋಗಳನ್ನೆಲ್ಲ ನೋಡಿದೆ. ಪಿಯುಸಿ ಅರ್ಧಕ್ಕೆ ಬಿಟ್ಟ ತಮ್ಮ ಹೊಸ ವಿಜ್ಞಾನವನ್ನಾದರೂ ತಿಳಿದುಕೊಳ್ಳಲಿ ಎಂಬ ನಿನ್ನ ಆಸೆಗೆ ಮೋಸ ಮಾಡಿಲ್ಲ. ಬೀಜದೊಳಗಿನ ಗುಣವನ್ನೇ ತಿದ್ದುವ ವಿದ್ಯೆಯ ಪುಸ್ತಕ ಚೆನ್ನಾಗಿದೆ. ಆದರೆ ಬರೆದವರು ಒಮ್ಮೆಯೂ ಗೋವಿನಜೋಳದ ಹೊಲದಲ್ಲಿ ನಿಂತಂತೆ ಕಾಣುವುದಿಲ್ಲ. ಡ್ರೋನಿನ ಪುಸ್ತಕ ಓದಿಯೇ ಮುನವಳ್ಳಿ ಕಡೆ ಬೆಳೆಗೆ ಔಷಧ ಹೊಡೆಯುವ ಡ್ರೋನಿನವರ ಜೊತೆ ಸೇರಿದ್ದೆ, ಬೇಸತ್ತು ಬಿಟ್ಟೆ. ಈಗ ರಾಮದುರ್ಗದಲ್ಲಿ ಮೊಬೈಲ್ ರಿಪೇರಿ. ಇದೂ ಎಷ್ಟು ದಿನವೋ. ಎಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಈ ಬೇಸಿಗೆಯಲ್ಲಿ ನೀನು ಹೇಳಿದ ವಿಡಿಯೋ. ಯಾರದೇ ಮಾತನ್ನು ಸ್ವಲ್ಪ ಕೇಳಿಸಿದರೆ ಸಾಕು, ಯಂತ್ರ ಅವರದೇ ದನಿಯಲ್ಲಿ ತಾನಾಗಿ ಮಾತಾಡುತ್ತದೆ. ಆ ದನಿಯ ಹಿಂದೆ ಮನೆಯ ಸದ್ದು ಮಾತ್ರ ಇರುವುದಿಲ್ಲ ಎಂದು ಅದರಲ್ಲಿ ಹೇಳಿದ್ದರು. ‘ತಪ್ಪದೆ ನೋಡು’ ಎಂದು ನೀನೇ ಬರೆದಿದ್ದೆ. ಯಾಕೆ ಬರೆದೆಯೋ!

ಅಂದಿನಿಂದ ದಿನಾ ಸಂಜೆ ಅವ್ವನಿಗೆ ಬರುವ ನಿನ್ನ ಕರೆಗೆ ಕಿವಿಗೊಟ್ಟೆ. ಕುಕ್ಕರ್ ಕೂಗುವುದಿಲ್ಲ, ಅಪ್ಪು ಚೀರುವುದಿಲ್ಲ, ನೀನು ಕೆಮ್ಮುವುದಿಲ್ಲ. ಒಂದು ಸಂಜೆ ಆ ದನಿ ‘ಮೊಣಕಾಲಿಗೆ ಎಣ್ಣಿ ಹಚ್ಚಿಕೊಂಡ್ಯೇನವ್ವಾ?’ ಎಂದು ಕೇಳುತ್ತಿರುವಾಗಲೇ ನೀನು ಕಲಿಸುವ ಕಾಲೇಜಿನ ನಂಬರಿಗೆ ನಾನು ಫೋನ್ ಮಾಡಿದೆ. ‘ಮೀಟಿಂಗ್‌ನ್ಯಾಗ ಅದೇನಿ, ಆಮ್ಯಾಲ ಮಾತಾಡ್ತೇನಿ’ ಎಂದು ನೀನು ಫೋನ್ ಇಟ್ಟುಬಿಟ್ಟೆ. ಇತ್ತ ಅವ್ವನ ಫೋನಿನಲ್ಲಿ ನಿನ್ನ ದನಿ ಮಾತಾಡುತ್ತಲೇ ಇತ್ತು. ಮರುದಿನ ನೇರವಾಗಿ ಕೇಳಿದ್ದಕ್ಕೆ ನೀನು ಅಂದದ್ದು ನೆನಪಿದೆಯೇ? ‘ಏ ಹುಚ್ಚಪ್ಯಾಲಿ, ಅವ್ವಗ ಖುಷಿ ಆಗತೈತಿಲ್ಲೋ? ಅಷ್ಟ ಸಾಕು. ದಿನಾ ನಾ ಎಲ್ಲಿಂದ ತರಲಿ ಟೈಮು?’

ಮೂರು ಪಂಚಮಿ ಆಯಿತು, ನೀನು ತವರಿಗೆ ಬಂದಿಲ್ಲ. ಕರೆಯಲು ಬರುತ್ತೇನೆ ಅಂದಾಗಲೆಲ್ಲ ರಜೆ ಇಲ್ಲ ಅನ್ನುತ್ತೀ. ಹೋದ ವರ್ಷ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಅವ್ವ ಒಬ್ಬೊಬ್ಬರ ಹೆಸರು ಹಿಡಿದು ಎರೆದಳು, ಅಪ್ಪನ ಪಾಲು, ಅರ್ಜುನನ ಪಾಲು. ನಿನ್ನ ಸರದಿ ಬಂದಾಗ ಫೋನ್ ಹಚ್ಚಿ, ‘ನಿನ್ನ ಪಾಲು ನೀನ ಹೇಳವ್ವಾ’ ಎಂದು ಅದನ್ನು ನಾಗಪ್ಪನ ಮುಂದೆ ಹಿಡಿದಳು. ‘ಇದು ಮಾಲಾನ ಪಾಲು’ ಎಂದಿತು ಅದು, ಇಂಪಾಗಿ. ಅವ್ವ ಕಣ್ಣೊರೆಸಿಕೊಂಡು ಎರೆದಳು. ಪಕ್ಕದ ಮನೆಯ ಕೃಷ್ಣವ್ವ, ‘ನಮ್ಮಾಕಿ ಬಂದರೂ ಇಷ್ಟು ಮಾತಾಡಂಗಿಲ್ಲ ನೋಡ್ರಿ ರಾಯವ್ವಾ, ನಿಮ್ಮಾಕಿ ಬರದನ ಮಾತಾಡತಾಳ’ ಎಂದಳು. ಅವ್ವ ಅದನ್ನು ಹೊಗಳಿಕೆ ಎಂದುಕೊಂಡಳು. ಆಗ ನನಗೂ ಏನೂ ತಿಳಿದಿರಲಿಲ್ಲ.

ಪಂಚಮಿ ಮತ್ತೆ ಬಂತು. ಬಾ. ಬರಲಾಗದಿದ್ದರೆ ನಿನ್ನ ಸ್ವಂತ ಬಾಯಿಂದ ‘ಬರಂಗಿಲ್ಲ’ ಅನ್ನು. ನಾನಾಗಿ ಅವ್ವನಿಗೆ ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳಲಾರೆ. ಕಾಲೇಜು ಬಿಡುವಾಗಲೂ ಎದುರು ನಿಂತು ಹೇಳಿಯೇ ಬಿಟ್ಟವನು ನಾನು. ಇನ್ನು ಪುಸ್ತಕ ಕಳಿಸಬೇಡ.

ಮಾವನವರಿಗೆ ನಮಸ್ಕಾರ, ಅಪ್ಪುವಿಗೆ ಮುತ್ತು. ಅವ್ವ ನಿನ್ನನ್ನು ದಿನಾ ಹರಸುತ್ತಾಳೆ, ಫೋನಿಗೆ. ನಿನಗೆ ಮುಟ್ಟುತ್ತದೋ ಇಲ್ಲವೋ.

ನಿನ್ನ ತಮ್ಮ,
ಅರ್ಜುನ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ಬಂದು, ‘ಅಕ್ಕನ ಕೂಡ ನಾ ದಿನಾ ಮಾತಾಡ್ತೇನಿ, ನೀ ಮತ್ತ ಏನು ಬರಿಯಾಕ ಹತ್ತೀಯೋ?’ ಎಂದು ಕೇಳಿದಳು. ಹೇಳಿಬಿಟ್ಟೆ. ಅಳಲಿಲ್ಲ, ಬೈಯಲಿಲ್ಲ. ಫೋನನ್ನು ಬೋರಲು ಹಾಕಿದಳು. ಆಮೇಲೆ, ‘ಹಂಗಾರ ಹೋದ ವರ್ಷದ ಹಾಲು ಯಾರ ಪಾಲಿಗೆ ಹೋತೋ ಅರ್ಜುನಾ?’ ಎಂದಳು. ನೀನು ಕಳಿಸಿದ ಪುಸ್ತಕಗಳಲ್ಲಿ ಎಲ್ಲೂ ನಾನು ಇದಕ್ಕೆ ಉತ್ತರ ಓದಿಲ್ಲ. ನೀನೇ ಬಂದು ಹೇಳು. ಸಂಜೆಯಾಯಿತು, ಫೋನ್ ರಿಂಗಾಗುತ್ತಿದೆ. ಅವ್ವ ಎತ್ತುತ್ತಿಲ್ಲ.