ಬೈಗುಳಕ್ಕೆ ಬೆದರಿದ ರೋಬೋಟ್

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಗಂಡನನ್ನು ಬೈಯುವ ಹಕ್ಕನ್ನು ನನಗೆ ಮರಳಿ ಕೊಡಿ. ಸುತ್ತಿಬಳಸಿ ಹೇಳುವಷ್ಟು ತ್ರಾಣ ಈಗ ಉಳಿದಿಲ್ಲ.

ನಮ್ಮ ಯಜಮಾನರು ಟೈಲರ್. ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದವು. ಅವರನ್ನು ಮಾತಾಡಿಸಲು ವಾರ್ಡಿನಲ್ಲಿ ರೋಬೋಟ್ ಇಟ್ಟಿದ್ದೀರಿ. ಸ್ಟೂಲಿನಷ್ಟು ಎತ್ತರ, ತಟ್ಟೆಯಂಥ ಮುಖ, ಬೆಣ್ಣೆಯಂಥ ಮಾತು. ಚಮಚ ಕೈಜಾರಿ ಬಿದ್ದರೂ "ತುಂಬಾ ಚೆನ್ನಾಗಿ ಮಾಡಿದಿರಿ" ಎನ್ನುತ್ತದೆ. ಹೊಲಿಗೆ ಕೂದಲೆಳೆಯಷ್ಟು ಡೊಂಕಾದರೂ ಇಡೀ ಅಂಗಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ಮನುಷ್ಯ ಇಂಥ ಹೊಗಳಿಕೆಗೆ ಬಾಯಿ ಬಿಡುತ್ತಾರೆಯೇ? ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಅಂಗಡಿಯಲ್ಲಿ ನಾನು ಗುಂಡಿ ಹಚ್ಚುತ್ತಾ ಬೈಯುವುದು, ಅವರು ಬಟ್ಟೆ ಕತ್ತರಿಸುತ್ತಾ ತಿರುಗಿ ಅನ್ನುವುದು, ನಮ್ಮ ಸಂಸಾರ ನಡೆದದ್ದೇ ಹಾಗೆ. ನಾನು ಸುಮ್ಮನಾದ ದಿನ ಮಾತ್ರ ಮನೆಯವರಿಗೆ ಭಯ. ಅವರು ಹೀಗೆ ಗೋಡೆ ನೋಡುತ್ತಾ ಮಲಗಿದ್ದನ್ನು ಸಹಿಸಲಾಗದೆ ಒಂದು ದಿನ ವಾರ್ಡಿನಲ್ಲೂ ಶುರು ಮಾಡಿದೆ. ಸೊಸೆ ತೋಳು ಜಗ್ಗಿದಳು.

"ಅತ್ತೆ, ಮೆತ್ತಗೆ. ಅದು ಕೇಳಿಸ್ಕೊಳ್ತಿದೆ."

"ಕೇಳಿಸ್ಕೊಳ್ಳಲಿ ಬಿಡೇ, ನಾಲ್ಕು ಮಾತು ಕಲಿಯುತ್ತೆ," ಎಂದವಳು ಇವರ ಕಡೆ ತಿರುಗಿ ಗದರಿದೆ: "ಏನ್ರೀ, ಬಾಯಿ ಹೊಲ್ಕೊಂಡು ಬಿದ್ದಿದೀರಲ್ಲ, ನಾಚಿಕೆ ಆಗಲ್ವಾ?"

ಅವರು ನಿಧಾನವಾಗಿ ಇತ್ತ ಹೊರಳಿದರು. ತುಟಿ ಒಂದು ಕಡೆ ಎಳೆಯಿತು.

"ಕತ್ತರಿ... ಕೊಡು."

ಕಾಯಿಲೆ ಬಿದ್ದ ಮೇಲೆ ಆಡಿದ ಮೊದಲ ಮಾತು. ಸೊಸೆ ನಗುತ್ತಲೇ ಅತ್ತಳು. ಅಷ್ಟರಲ್ಲಿ ರೋಬೋಟ್ ಕೆಂಪು ದೀಪ ಹಾಕಿ ಸೆಕ್ಯುರಿಟಿಯವರನ್ನು ಕರೆಯಿತು. ದನಿ ಏರಿದೆ, ಆದ್ದರಿಂದ ರೋಗಿ ಹೆದರಿದ್ದಾರೆ ಎಂದು ಅದರ ತೀರ್ಮಾನ. ತಾವೂ ಅದಕ್ಕೇ ಮುದ್ರೆ ಒತ್ತಿ, ನನ್ನನ್ನು ಒಳಗೆ ಬಿಡಬಾರದೆಂದು ಆದೇಶ ಮಾಡಿದಿರಿ. ಅಂದಿನಿಂದ ನಾನು ಗಾಜಿನ ಬಾಗಿಲಾಚೆ. ಅವರು ಮತ್ತೆ ಗೋಡೆಯ ಕಡೆ, ಒಂದು ಮಾತೂ ಇಲ್ಲ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಈ ಸೊಸೆಯೂ ಹೊಸದರಲ್ಲಿ ನನ್ನ ಬಾಯಿಗೆ ಹೆದರಿ ಗಂಟುಮೂಟೆ ಕಟ್ಟಿದ್ದಳು. ಆಮೇಲೆ ಬೈಸಿಕೊಳ್ಳುವ ಮಾವನ ಮುಖ ನೋಡಿದಳು. ಅವರು ಮೀಸೆಯಡಿ ನಗುತ್ತಿದ್ದರು. ಮೂಟೆ ಬಿಚ್ಚಿದಳು. ರೋಬೋಟಿಗೂ ಕಣ್ಣಿದೆಯಲ್ಲ? ದನಿ ಅಳೆಯಲು ಕಲಿಸಿದವರು ಮುಖ ನೋಡಲು ಯಾಕೆ ಕಲಿಸಲಿಲ್ಲ? ಅದು ಹೋಗಲಿ, ಆದೇಶ ಹೊರಡಿಸುವ ಮುನ್ನ ತಾವಾದರೂ ಬಂದು ಅವರ ಮುಖ ನೋಡಿದಿರಾ?

ನನ್ನನ್ನು ಒಳಗೆ ಬಿಡಿ. ರೋಬೋಟನ್ನೂ ಪಕ್ಕದಲ್ಲೇ ಕೂರಿಸಿ, ಕಲಿಯಲಿ. ಪಾಠಕ್ಕೆ ನಾನು ಸಂಬಳ ಕೇಳುವುದಿಲ್ಲ. ಅವರ ಮುಂದಿನ ಮಾತು ಬಹುಶಃ ನನಗೆ ಬೈಗುಳವೇ ಆಗಿರುತ್ತದೆ. ಆಗ ಗಾಬರಿ ಬೀಳಬೇಡ ಎಂದು ಅದಕ್ಕೆ ಈಗಲೇ ಹೇಳಿಡಿ.

ಇಂತಿ,
ಗಾಜಿನ ಬಾಗಿಲಾಚೆ ಬಾಯಿ ಮುಚ್ಚಿಕೊಂಡು ನಿಂತಿರುವ
ಟೈಲರ್ ಹೆಂಡತಿ