ಸುಮಿತಾಳ ಹೆಸರಿನಲ್ಲಿ ಎರಡು ಗುಂಡು

ಭಾಗಮಂಡಲ
೧೬–೨–೨೦೨೫, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತಾ? ಕಾಫಿ ಪಿಕ್ಕಿಂಗ್ ಮುಗಿಯುವವರೆಗೆ ನೀನು ಬೆಳಗ್ಗಿನಿಂದ ಸಂಜೆತನಕ ನಿಂತೇ ಇರುತ್ತೀಯ ಎಂದು ಗೊತ್ತು, ಮನೆಗೆ ಬಂದ ಮೇಲಾದರೂ ಬಿಸಿನೀರಿನ ಶಾಖ ಕೊಟ್ಟುಕೊ. ಅತ್ತಿಗೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಾ? ಮಿಲನ್ ಪರೀಕ್ಷೆಗೆ ಓದುತ್ತಿದ್ದಾನಾ, ಇಲ್ಲ ಅಪ್ಪನ ಹಾಗೆ ಪುಸ್ತಕವನ್ನು ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಹೊಡೆಯುತ್ತಿದ್ದಾನಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಹದಿಮೂರು ತಿಂಗಳಿಂದ ನನ್ನ ಫೋನ್ ಎತ್ತಿಲ್ಲ. ಅತ್ತಿಗೆ ಎತ್ತಿದರೆ "ಅವರು ತೋಟದಲ್ಲಿದ್ದಾರೆ" ಅನ್ನುತ್ತಾರೆ. ಕತ್ತಲಾದ ಮೇಲೂ ತೋಟದಲ್ಲಿ ಅದೇನು ಆನೆ ಕಾಯುತ್ತಿದ್ದೀಯೋ, ನಿನಗೇ ಗೊತ್ತು. ಅದಕ್ಕೇ ಪಾಲಿಬೆಟ್ಟದ ನಿಮ್ಮ ಎಸ್ಟೇಟ್ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದವನು ಆಫೀಸಿಗೆ ಬಂದ ಕಾಗದವನ್ನು ಒಡೆಯದೆ ಬಿಡುವ ಹಾಗಿಲ್ಲವಲ್ಲ! ನಾನು ಚೆನ್ನಾಗಿದ್ದೇನೆ. ಅಂಗನವಾಡಿಗೆ ಈ ವರ್ಷ ಮಕ್ಕಳು ಕಡಿಮೆ, ಗಲಾಟೆ ಮಾತ್ರ ಅಷ್ಟೇ ಇದೆ. ಅವ್ವ ಇದ್ದಾಳೆ. ಅವಳ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ಸುಮಿತಾಳ ವಿಷಯ. ಹೆಸರು ನೋಡಿದ ಕೂಡಲೇ ಕಾಗದ ಮಡಚಿ ಡ್ರಾಯರಿಗೆ ಹಾಕಬೇಡ, ಪೂರ್ತಿ ಓದು. ಅವಳು ಮೈಸೂರಿನಲ್ಲಿ ಹಾಡಿದ ಕೊನೆಯ ಸಂಗೀತ ಸಂಜೆಯನ್ನು ಈಗ ಸಿನಿಮಾ ಮಾಡಿದ್ದಾರೆ. ಕಥೆಯ ಸಿನಿಮಾ ಅಲ್ಲ, ಸಾಕ್ಷ್ಯಚಿತ್ರ. ಆವತ್ತಿನ ಹಾಡುಗಳು, ನಡುನಡುವೆ ಅವಳನ್ನು ಬಲ್ಲವರ ಮಾತು, ಮತ್ತೆ ಹಾಡು. ಪಕ್ಕದ ಮನೆಯ ಮಾಯಿಲಪ್ಪಣ್ಣನ ಮೊಮ್ಮಗಳು ದೀಕ್ಷಿತಾ ತನ್ನ ಫೋನನ್ನು ನಮ್ಮ ಟಿವಿಗೆ ಸೇರಿಸಿ ಹೋದ ಭಾನುವಾರ ಮಧ್ಯಾಹ್ನ ಹಾಕಿಕೊಟ್ಟಳು. ಮಾಯಿಲಪ್ಪಣ್ಣ, ಅವರ ಮಗ ಚಂದ್ರು, ಅವನ ಹೆಂಡತಿ, ಎಲ್ಲರೂ ನಮ್ಮ ಮನೆಗೇ ಬಂದು ಕೂತರು. ಅವ್ವನೂ ಮಂಚದ ಮೇಲೆ ದಿಂಬಿಗೆ ಒರಗಿ ಕೂತಳು. ನನಗೆ ಯಾರೂ ಬೇಡವಾಗಿತ್ತು. ಇಪ್ಪತ್ತೈದು ವರ್ಷ ನನ್ನ ಕಿವಿಯಲ್ಲೇ ಇದ್ದವಳನ್ನು ಕಡಲೆಕಾಯಿ ಸುಲಿಯುತ್ತಾ ನೋಡುವವರ ಜೊತೆ ಕೂತು ಹೇಗೆ ನೋಡಲಿ? ಆದರೆ ಬಂದವರನ್ನು ಏಳಿ ಎನ್ನಲು ಆಗುತ್ತದಾ?

ನಿನಗೆ ನೆನಪಿರಬೇಕು. ನಿನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಟವೆಲು, ಅವ್ವನಿಗೆ ಸೀರೆ, ನನಗೆ "ಹತ್ತೂವರೆ ಬಸ್ಸು" ಕ್ಯಾಸೆಟ್. ಮೇಲೆ ಗಂಡು ಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡ ಸುಮಿತಾಳ ಫೋಟೋ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇವಳಿಗೆ ಮನೇಲಿ ಹೇಳುವವರು ಯಾರೂ ಇಲ್ಲವಾ?" ಅಂದಿದ್ದರು. ನೀನು, "ಇದ್ದಿದ್ದರೆ ಹೀಗೆ ಹಾಡ್ತಿದ್ದಳಾ ಅಪ್ಪ?" ಅಂದು ಬೈಸಿಕೊಂಡಿದ್ದೆ. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿಕೊಡುತ್ತಿದ್ದವನು ನೀನೇ. ನನ್ನ ಎರಡು ಸಂಬಂಧ ಮುರಿದಾಗ ಊರಿನವರೆಲ್ಲ ನನಗೆ ಬುದ್ಧಿ ಹೇಳಲು ಬಂದಿದ್ದರು, ನೀನು ಮಾತ್ರ ಬೈಕಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಹೋಗಿ ಅವಳ ಹಾಡು ಕೇಳಿಸಿ ಕರೆದುಕೊಂಡು ಬಂದೆ. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ಆವತ್ತು ಬೇಕಾಗಿದ್ದೂ ಅದೇ.

ಈ ಸಿನಿಮಾ ನೋಡಿ ಮೈಯೆಲ್ಲ ಉರಿಯಿತು ಅಣ್ಣ. ಶುರುವಿನಲ್ಲೇ ಅವಳು ರಿಹರ್ಸಲ್ ಮಾಡುವುದನ್ನು ತೋರಿಸುತ್ತಾರೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಳೆ. ಒಂದು ಸಾಲು ಹಾಡುತ್ತಾಳೆ, ಕೆಮ್ಮುತ್ತಾಳೆ, ಫ್ಲಾಸ್ಕಿನ ನೀರು ಕುಡಿಯುತ್ತಾಳೆ, ನೆಲ ನೋಡುತ್ತಾಳೆ. ಶ್ವಾಸಕೋಶ ಅಷ್ಟರಲ್ಲಾಗಲೇ ಅರ್ಧ ಹೋಗಿತ್ತು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತಂತೆ. ಅದನ್ನು ಅವರೇ ಕ್ಯಾಮೆರಾ ಮುಂದೆ ಹೇಳುತ್ತಾರೆ, ನಾಚಿಕೆಯೇ ಇಲ್ಲದೆ! ಅವಳ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, "ಅವರಿಗೆ ಹಾಡೇ ಉಸಿರಾಗಿತ್ತು" ಅನ್ನುತ್ತಾನೆ. ಲೋ, ಅವಳಿಗೆ ಉಸಿರೇ ಉಸಿರಾಗಿತ್ತು! ನಮ್ಮೆಲ್ಲರ ಹಾಗೆ. ಅದನ್ನು ಉಳಿಸಿಕೊಳ್ಳಲು ಬಿಟ್ಟಿದ್ದರೆ ಇವತ್ತು ಎಲ್ಲೋ ಒಂದು ಕಡೆ ಕೂತು ಕಾಫಿ ಕುಡಿಯುತ್ತಿರುತ್ತಿದ್ದಳು, ಹಾಡದಿದ್ದರೆ ಬೇಡ. ಅವಳು ಕುರ್ಚಿಯಿಂದ ಏಳಲು ಕೈ ಊರಿದ ಆ ಜಾಗಕ್ಕೂ ಪಿಟೀಲು ಬಾರಿಸಿದ್ದಾರೆ. ನೋವನ್ನು ಹಾಗೇ ತೋರಿಸಿದರೆ ನಮಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾರೆ.

ಆಮೇಲೆ ಅವಳ ಅಣ್ಣ ಬಂದ. ಮಹೇಶ್ ಅಂತ. ಹಿಂದೆ ಅವಳ ದೊಡ್ಡ ಫೋಟೋ, ಅದಕ್ಕೆ ಗಂಧದ ಹಾರ. "ನನ್ನ ತಂಗಿ ನನ್ನ ಪ್ರಾಣ" ಎಂದು ಗೋಳೋ ಎಂದು ಅತ್ತ. ತಂಗಿ ಸ್ಟೇಜಿನಲ್ಲಿ ಕುಣಿಯುತ್ತಾಳೆ ಎಂದು ಇದೇ ಮನುಷ್ಯ ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಅವಳೇ ಒಂದು ಸಂದರ್ಶನದಲ್ಲಿ ಹೇಳಿದ್ದು ನನಗೆ ಬಾಯಿಪಾಠ ಇದೆ. ಆಸ್ಪತ್ರೆಯಲ್ಲಿದ್ದಾಗಲೂ ಬಂದವನಲ್ಲ. ನಾನು ತಡೆಯಲಾರದೆ, "ಥೂ, ಸತ್ತ ಮೇಲೆ ಬಂದಿದ್ದಾನೆ ನೋಡಿ, ಅಳಲಿಕ್ಕೆ" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಚಂದ್ರು ತಲೆ ತಗ್ಗಿಸಿದ. ಅವ್ವ ಮಾತ್ರ ಟಿವಿಯಿಂದ ಕಣ್ಣು ತೆಗೆಯದೆ, "ಈಗ ಆದರೂ ಬಾಕೆ ಆತಲ್ಲ ಅವಂಗೆ, ಅಷ್ಟ್ ಸಾಕ್" ಅಂದಳು. ಬಂದನಲ್ಲ, ಅದೇ ಅವಳಿಗೆ ದೊಡ್ಡದು. ಅವಳು ಯಾರ ವಿಷಯ ಹೇಳಿದಳು ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನಿನಗೂ ತಿಳಿಯುತ್ತದೆ.

ಆ ದಿನದ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಬರೆದುಬಿಡುತ್ತೇನೆ. ಹೋದ ವರ್ಷ ಜನವರಿ. ಬೆಳಗ್ಗೆ ಅವ್ವನಿಗೆ ರೊಟ್ಟಿ ಬಡಿಸಿ ಟಿವಿ ಹಾಕಿದೆ, ಸುಮಿತಾ ಹೋದಳು ಎಂದು ಬರುತ್ತಿತ್ತು. ನನಗೆ ಅಳು ಬರಲಿಲ್ಲ. ಸೀದಾ ಒಳಗೆ ಹೋಗಿ ಅಪ್ಪನ ಜೋಡಿ ನಳಿಗೆ ಕೋವಿ ತೆಗೆದೆ, ಎರಡು ತೋಟಾ ಹಾಕಿದೆ, ಅಂಗಳಕ್ಕೆ ಬಂದು ಆಕಾಶಕ್ಕೆ ಒಂದರ ಹಿಂದೆ ಒಂದು ಹೊಡೆದೆ. ಕೋವಿ ಪೂಜೆಯ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಬಹುಮಾನ ತಂದವಳು ನಾನು. ಮನೆಯವರು ಸತ್ತರೆ ತಾನೇ ನಮ್ಮಲ್ಲಿ ಎರಡು ಗುಂಡು ಹೊಡೆಯುವುದು? ಅವಳು ನನಗೆ ಮನೆಯವಳೇ ಆಗಿದ್ದಳು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಎಪ್ಪತ್ತೊಂಬತ್ತು ವರ್ಷದ ಅವ್ವ ಇರುವ ಮನೆಯ ಅಂಗಳದಲ್ಲಿ ಎರಡು ಗುಂಡು ಕೇಳಿದರೆ ಊರು ಏನು ತಿಳಿಯುತ್ತದೆ ಎಂದು ಈ ಮಂಗನಿಗೆ ಹೊಳೆಯಲೇ ಇಲ್ಲ.

ಹತ್ತು ನಿಮಿಷ ಆಗಿಲ್ಲ, ಮಾಯಿಲಪ್ಪಣ್ಣ ಹೆಗಲಿಗೆ ಟವೆಲು ಹಾಕಿಕೊಂಡು ಓಡಿ ಬಂದರು. ಗದ್ದೆ ಆಚೆಯವರು, ಮೇಲಿನ ಮನೆಯವರು, ಹೆಂಗಸರಂತೂ ಗೇಟಿನಿಂದಲೇ "ಅಯ್ಯೋ ದೊಡ್ಡವ್ವ" ಎಂದು ಶುರು ಮಾಡಿದರು. ದೊಡ್ಡವ್ವ ಕೈಯಲ್ಲಿ ರೊಟ್ಟಿ ಚೂರು ಹಿಡಿದುಕೊಂಡು ಹೊರಗೆ ಬಂದು, "ಯಾರ್ ಹೋದ್ದು?" ಎಂದು ಅವರನ್ನೇ ಕೇಳಿದಳು. ಅತ್ತ ಚಂದ್ರು ಬರುವ ದಾರಿಯಲ್ಲೇ ಅವ್ವ ಹೋದಳೆಂದು ನಿನಗೆ ಫೋನ್ ಹಚ್ಚಿದ್ದ. ನಮ್ಮ ಅಂಗಳದಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಸ್ಪೀಕರಿಗೆ ಹಾಕಿದ್ದ. ಅವನು ಅವ್ವನ ಮುಖ ನೋಡಿ ಸ್ಪೀಕರ್ ಆರಿಸುವುದರೊಳಗೆ ನಿನ್ನ ದನಿ ಕೇಳಿಸಿತು. "ಪಿಕ್ಕಿಂಗ್ ಅರ್ಧದಲ್ಲಿ ಉಟ್ಟು ಚಂದ್ರು, ಆಳುಗ ಊರಿಗೆ ಹೊರಟು ನಿಂತಿದ್ದಾರೆ. ನಂಗೆ ಬಾಕೆ ಆಲೆ. ಕಾಯಬೇಡಿ, ಮುಗಿಸಿಬಿಡಿ. ಹನ್ನೊಂದನೇ ದಿನಕ್ಕೆ ಬರ್ತೇನೆ." ಎಸ್ಟೇಟಿನ ಲೈನ್‌ಮನೆಯ ಆಳುಗಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಪಾಲಿಬೆಟ್ಟದಿಂದ ಇಲ್ಲಿಗೆ ಎಷ್ಟು ದೂರ ಅಣ್ಣ? ಜೀಪಿನಲ್ಲಿ ಎರಡೂವರೆ ಗಂಟೆ. ಆಮೇಲೆ ಚಂದ್ರು ವಿಷಯ ಹೇಳಿದಾಗ ನೀನು ನನ್ನನ್ನು ಕರೆದು ಬೈದದ್ದನ್ನು ಬರೆಯುವುದಿಲ್ಲ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ. ಅದೇ ಕೊನೆ, ಮತ್ತೆ ನಿನ್ನ ದನಿ ಕೇಳಿಲ್ಲ.

ಅವ್ವ ಆವತ್ತು ಏನು ಮಾಡಿದಳು ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಹೆಂಗಸರು ತಮ್ಮ ಮನೆಯಿಂದ ಕಾಫಿ ತರಲು ಹೊರಟಿದ್ದರಂತೆ. ಅವರನ್ನು ತಡೆದು, ಅವಳೇ ಒಲೆ ಹಚ್ಚಿ, ಬೆಲ್ಲದ ಕಾಫಿ ಕಾಸಿ, ತನ್ನ ಸಾವಿಗೆ ಬಂದ ಎಲ್ಲರಿಗೂ ತಾನೇ ಲೋಟ ಲೋಟ ಕೊಟ್ಟಳು. ಜನ ನಕ್ಕರು, ಅವಳೂ ನಕ್ಕಳು. ಮಾಯಿಲಪ್ಪಣ್ಣ, "ಇನ್ನು ನಿಮ್ಮ ಮನೆ ಕೋವಿಯ ಮಾತು ನಂಬುವುದಿಲ್ಲ ಯಮುನಾ, ಫೋನ್ ಮಾಡಿ ಕೇಳಿಯೇ ಬರುವುದು" ಅಂದರು. ಎಲ್ಲ ಹೋದ ಮೇಲೆ ಅವಳು ಲೋಟ ತೊಳೆಯುತ್ತಾ ಕೂತಳು, ತೊಳೆದದ್ದನ್ನೇ ಮತ್ತೆ ತೊಳೆದಳು. ನಿನ್ನ ಹೆಸರು ಎತ್ತಲಿಲ್ಲ. ಮನುಷ್ಯರು ಬದುಕಿದ್ದಾಗ ತಮ್ಮ ಸಾವಿಗೆ ಯಾರು ಬರುತ್ತಾರೆ ಎಂದು ನೋಡಬಾರದು ಅಣ್ಣ. ಅದನ್ನು ಅವಳಿಗೆ ನಾನು ತೋರಿಸಿದೆ.

ಇನ್ನು ಆ ಸಿನಿಮಾದ ಕೊನೆ. ಅವಳು ಕೊನೆಯ ಹಾಡು ಮುಗಿಸಿ ಕೈ ಮುಗಿಯುತ್ತಾಳೆ. ಜನ "ಒನ್ಸ್ ಮೋರ್, ಒನ್ಸ್ ಮೋರ್" ಎಂದು ಬೊಬ್ಬೆ ಹೊಡೆಯುತ್ತಾರೆ. ಅವಳು ಡ್ರಮ್ ಬಾರಿಸುವ ಹುಡುಗನ ಕಡೆ ತಿರುಗಿ ಮೈಕಿನಿಂದ ಬಾಯಿ ದೂರ ಮಾಡಿ, "ಇನ್ನೊಂದು ಆಗಲ್ಲ ಕಣೋ" ಅನ್ನುತ್ತಾಳೆ. ಆವತ್ತು ಅಲ್ಲೇ ಇದ್ದರೂ ನನಗೆ ಕೇಳಿಸಿರಲಿಲ್ಲ, ಸಿನಿಮಾದಲ್ಲಿ ಕೇಳಿಸುತ್ತದೆ. ಆಗ ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಒಂದೊಂದೇ ಮುಖವನ್ನು ನಿಧಾನ ಮಾಡಿ ತೋರಿಸುತ್ತಾರೆ. ಮೂರನೆಯದು ನಾನು. ನಿನ್ನ ತಂಗಿ. ಬಾಯಿ ಇಷ್ಟಗಲ ತೆರೆದು, ಕುತ್ತಿಗೆಯ ನರ ಉಬ್ಬಿಸಿ, ಎರಡೂ ಕೈ ಮೇಲೆತ್ತಿ ಕಿರುಚುತ್ತಿದ್ದೇನೆ. ಅವಳು ಒಮ್ಮೆ ಕಣ್ಣು ಮುಚ್ಚಿ, ಮತ್ತೆ ಮೈಕು ಹಿಡಿದು, "ಹತ್ತೂವರೆ ಬಸ್ಸು" ಶುರು ಮಾಡುತ್ತಾಳೆ.

ದೀಕ್ಷಿತಾ "ಯಮುನಕ್ಕ! ಯಮುನಕ್ಕ!" ಎಂದು ಕುಣಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಊರಿನಲ್ಲಿ ಅರ್ಧ ಜನರ ಫೋನಿನ ಸ್ಟೇಟಸ್ಸಿನಲ್ಲಿ ನನ್ನ ಆ ಬಾಯಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ತಂಗಮ್ಮ ಟೀಚರ್ ಕೈ ಹಿಡಿದು ಅಭಿನಂದನೆ ಹೇಳಿದರು. ಬಿಳಿ ಅಂಗಿಯವನನ್ನು ಬೈದೆ, ಆ ಮಹೇಶನನ್ನು ಬೈದೆ, ಮೂರು ಸೆಕೆಂಡಿನಲ್ಲಿ ನನ್ನ ಸರದಿಯೂ ಬಂತು. ಪ್ರೀತಿ ಪ್ರೀತಿ ಎಂದು ಅವಳ ಕೊನೆಯ ಉಸಿರನ್ನೂ ಟಿಕೆಟ್ ತೆಗೆದುಕೊಂಡು ಹೋಗಿ ಕೇಳಿ ಪಡೆದವಳು ನಾನು. ಅವಳು ಸತ್ತಾಗ ಕೋವಿ ಎತ್ತಿಕೊಂಡು ಗುಂಡು ಹೊಡೆದವಳೂ ನಾನೇ. ಆ ರಾತ್ರಿ ಕ್ಯಾಸೆಟ್ಟನ್ನು ಒಲೆಗೆ ಹಾಕೋಣ ಎಂದು ತೆಗೆದೆ. ಅದರ ಒಳಗಿನ ಕಾಗದದಲ್ಲಿ ನಿನ್ನ ಅಕ್ಷರ ಇತ್ತು, "ಯಮುನಳಿಗೆ, ಅಣ್ಣ." ಹಾಗೇ ವಾಪಸು ಇಟ್ಟೆ.

ಹದಿಮೂರು ತಿಂಗಳು ನಾನು ನಿನಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ನೀನು ಅಂದದ್ದು ಸಣ್ಣ ಮಾತಲ್ಲ. ಆದರೆ ನಾನು ಆ ಗುಂಡು ಹೊಡೆಯದಿದ್ದರೆ ಆ ಮಾತು ನಿನ್ನ ಹೊಟ್ಟೆಯಲ್ಲೇ ಇರುತ್ತಿತ್ತು. ಅವ್ವ ನಿಜವಾಗಿ ಹೋಗುವ ದಿನ ನೀನು ಪಿಕ್ಕಿಂಗ್ ಬಿಟ್ಟು ಓಡಿ ಬರುತ್ತಿದ್ದೆಯೋ ಏನೋ, ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನಗೆ ಸಿಟ್ಟಲ್ಲ, ನಾಚಿಕೆ ಅಂತ ನನಗೆ ಈಗ ಅನಿಸುತ್ತದೆ. ಫೋನ್ ಎತ್ತದವರು ಹೆಚ್ಚಾಗಿ ನಾಚಿಕೆಯಿಂದಲೇ ಎತ್ತುವುದಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಿಲನ್‌ಗೆ ಅಜ್ಜಿಯ ಆಶೀರ್ವಾದ, ಅತ್ತೆಯ ಕಡೆಯಿಂದ ಒಂದು ಗುದ್ದು. ಮಾಯಿಲಪ್ಪಣ್ಣ ನಿನ್ನನ್ನು ಕೇಳಿದ್ದಾರೆ. ನೀನು ಚೆನ್ನಾಗಿರಬೇಕು ಎಂದು ಬೈದುಕೊಂಡೇ ಹಾರೈಸುವ,

ನಿನ್ನ ತಂಗಿ
ಯಮುನ

ಮರೆತ ಮಾತು: ಸೋಮವಾರ ಬೆಳಗ್ಗೆ. ಚಂದ್ರು ಮಡಿಕೇರಿಗೆ ಹೊರಟಿದ್ದಾನೆ, ಅಂಚೆಗೆ ಹಾಕುತ್ತಾನೆ, ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಅವ್ವನ ವಿಷಯ ಬರೆಯಲು ಕೈ ಬರದೆ ಇಷ್ಟುದ್ದ ಬರೆದೆ. ಅವಳು ಒಂದು ತಿಂಗಳಿಂದ ಗಂಜಿ ಬಿಟ್ಟು ಬೇರೇನೂ ತಿನ್ನುತ್ತಿಲ್ಲ. ಡಾಕ್ಟರು ಮೊನ್ನೆ, ಮನೆಯಲ್ಲೇ ಇಟ್ಟುಕೊಳ್ಳಿ, ಕೇಳಿದ್ದು ಕೊಡಿ ಅಂದರು. ಅವಳು ಕೇಳಿದ್ದು ಒಂದೇ, ನಿನ್ನನ್ನು. ಈಗ ನನ್ನನ್ನು ಕರೆದು ನಿನಗೆ ಹೀಗೆ ಬರೆ ಎಂದು ಹೇಳಿದ್ದಾಳೆ: ಆವತ್ತು ಚಂದ್ರುವಿನ ಫೋನಿನಲ್ಲಿ ನೀನು ಏನು ಹೇಳಿದೆಯೋ ಅವಳಿಗೆ ಗೊತ್ತಿಲ್ಲವಂತೆ, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋಗಿದ್ದಳಂತೆ. ನಾನು ಅವಳ ಮೈಗೆ ಮೈ ತಾಗಿಸಿ ನಿಂತಿದ್ದೆ ಅಣ್ಣ. ಒಲೆಯ ಮೇಲೆ ಹಾಲಿರಲಿಲ್ಲ. ನೀನು ಮಾತ್ರ ಹಾಲು ಇತ್ತು ಎಂದೇ ನಂಬಿದವನ ಹಾಗೆ ಬಾ. ಈ ವಾರವೇ ಬಾ. ಕೋವಿಯ ಶಬ್ದ ಕೇಳಿ ಬರುವುದಾದರೆ ಬರಬೇಡ.